ಚೆಲ್ಲಲು ತಂದ ಸಾರು

ಕೋವಿಡ್ ಕಾಲದಲ್ಲಿ ಅಮೆರಿಕದ ಡಲ್ಲಾಸ್ ಕಡೆಯ ನಮ್ಮ ಭಾರತೀಯ ವಕೀಲರ ಸಂಘ, ಕಾಯಿಲೆ ಬಿದ್ದ ಸದಸ್ಯರ ಮನೆಗೆ ಊಟ ಕಳಿಸುತ್ತಿತ್ತು. ಅಲ್ಲೇ ಪಕ್ಕದ ಇರ್ವಿಂಗ್ ಊರಿನಲ್ಲಿ ಅದಕ್ಕೆ ಅಡುಗೆ ಮಾಡುತ್ತಿದ್ದವನು ನಾನು. ಯಾರಿಗೆ ಎಷ್ಟು ಎಂಬ ಪಟ್ಟಿ ಹಿಡಿದಿದ್ದವರು ಒಬ್ಬ ಹಿರಿಯ ವಕೀಲರು. ಏನು ಹೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಬಾಯ್ಮಾತು ಬೇಡ, ಬರ್ದುಕೊಡಿ" ಅನ್ನುತ್ತಿದ್ದರು. ಸಾರಿನ ಡಬ್ಬಕ್ಕೂ "ಇದು ಔಷಧಿಯಲ್ಲ" ಎಂಬ ಚೀಟಿ ಅಂಟಿಸಬೇಕಿತ್ತು.

ಕೊನೆಗೆ ಅವರೇ ಕಾಯಿಲೆ ಬಿದ್ದು ಮಲಗಿದರು. ಮನೆಯಲ್ಲಿ ಒಬ್ಬರೇ, ಎರಡು ದಿನದಿಂದ ಏನೂ ತಿಂದಿಲ್ಲವೆಂದು ತಿಳಿದು ಡಬ್ಬದಲ್ಲಿ ಸಾರು ಒಯ್ದೆ. ಕಿಟಕಿಯ ಗಾಜಿನಾಚೆ ನಿಂತು ಬೇಡವೆಂದು ಕೈಯಾಡಿಸಿದರು.

"ಪಟ್ಟಿ ಮಾಡೋನೇ ತಿನ್ನಬಾರ್ದು ಕಣ್ರೀ. ಸಂಘದ ಸಹಾಯ ನಂಗೆ ಬೇಡ."

"ಇದು ಸಹಾಯ ಅಲ್ಲ ಸಾರ್, ಮಿಕ್ಕಿದ್ದು. ಚೆಲ್ಲೋಕೆ ತಂದೆ."

"ಬರ್ದುಕೊಡಿ."

ನಾನು ಓದಿದ್ದು ಆರನೇ ಕ್ಲಾಸು. ನನ್ನ ಕೈಯಡುಗೆ ಯಾವತ್ತೂ ಮಿಕ್ಕಿದ್ದಿಲ್ಲ. ಆದರೂ "ಮಿಕ್ಕಿದ ಸಾರು, ಚೆಲ್ಲಲು ತಂದಿದೆ" ಎಂದು ಬರೆದು ಗಾಜಿಗೆ ಒತ್ತಿ ಹಿಡಿದೆ. ಎರಡು ಸಲ ಓದಿ, ಒಂದು ಒತ್ತಕ್ಷರ ತಿದ್ದಿಸಿ, "ಮೆಟ್ಟಿಲ ಮೇಲಿಡಿ" ಅಂದರು.

ಮರುದಿನ ಹೋದಾಗ ಅದೇ ಮೆಟ್ಟಿಲ ಮೇಲೆ ತೊಳೆದ ಡಬ್ಬ, ಒಳಗೆ ಅವರ ಸಹಿಯಿದ್ದ ಚೀಟಿ: "ಸಾರು ಪೂರ್ತಿ ಚೆಲ್ಲಲಾಗಿದೆ. ನಾಳೆ ಚೆಲ್ಲುವುದಕ್ಕೆ ಉಪ್ಪು ಸ್ವಲ್ಪ ಹೆಚ್ಚಿರಲಿ."