ಇನ್ನೂರು ತುಂಡಿನ ಆಕಾಶ

ನಮ್ಮ ಬೀದಿಯ ಟೈಲರಮ್ಮನಿಗೆ ಮಗ ಸಿಗುವುದು ತಿಂಗಳಿಗೊಂದು ಭಾನುವಾರ. ಉಳಿದ ದಿನ ಅವನು ಅಪ್ಪನ ಮನೆಯಲ್ಲಿರುತ್ತಾನೆ. ಅಪ್ಪನ ಹೊಸ ಹೆಂಡತಿಯನ್ನು ಚಿಕ್ಕಮ್ಮ ಎನ್ನುತ್ತಿದ್ದ.

ಅವನಿಗೆ ಏಳು ತುಂಬುವ ಹೊತ್ತಿಗೆ, ಚಿತ್ರದ ತುಂಡು ಜೋಡಿಸುವ ಪಜಲ್ ಕೊಳ್ಳಲು ಟೈಲರಮ್ಮ ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದಳು.

“ಏಳು ವರ್ಷಕ್ಕೆ ಐವತ್ತು ತುಂಡಿಂದು ಸಾಕಮ್ಮ,” ಎಂದ ಅಂಗಡಿಯವ.

“ಇನ್ನೂರರದು ಕೊಡಿ.”

“ಅದು ಅವನೊಬ್ಬನ ಕೈಲಿ ಆಗಲ್ಲ.”

“ಆಗಬಾರ್ದು ಅಂತಾನೇ ಕೇಳ್ತಿರೋದು!” ಎಂದು ರೇಗಿದಳು.

ದಾರಿಯಲ್ಲಿ ಡಬ್ಬಿಯ ಮೇಲಿನ ಚಿತ್ರ ತೋರಿಸಿದಳು. “ದೋಣಿ ಅವನೇ ಜೋಡಿಸ್ತಾನೆ ಬಿಡಕ್ಕ. ಈ ಆಕಾಶ ನೋಡು, ಬರೀ ನೀಲಿ. ಇದಕ್ಕೆ ನಾನು ಪಕ್ಕದಲ್ಲಿ ಕೂರಲೇಬೇಕು. ತುಂಡು ಸೇರಿಸಿಯೇ ಅಲ್ವಾ ನಾನು ಹೊಟ್ಟೆ ಹೊರೆಯೋದು?”

ಹುಟ್ಟುಹಬ್ಬ ಬುಧವಾರ ಬಿದ್ದಿತ್ತು. ‘ಕಷ್ಟ ಆದ್ರೆ ಭಾನುವಾರ ತಗೊಂಡು ಬಾ, ಕಂದಾ’ ಎಂದು ಚೀಟಿ ಅಂಟಿಸಿ ಡಬ್ಬಿ ಕಳಿಸಿದಳು. ಭಾನುವಾರ ಬಟ್ಟೆ ಕತ್ತರಿಸುವ ಮೇಜನ್ನು ಬೆಳಿಗ್ಗೆಯೇ ಖಾಲಿ ಮಾಡಿಟ್ಟಳು.

ಹುಡುಗ ಬರಿಗೈಯಲ್ಲಿ ಕುಣಿಯುತ್ತ ಬಂದ. “ಪಜಲ್ ಮುಗೀತು! ಆಕಾಶ ತುಂಬಾ ಕಷ್ಟ ಇತ್ತು. ಅಮ್ಮ ಹೇಳಿಕೊಟ್ರು.”

ಯಾವ ಅಮ್ಮ ಎಂದು ಟೈಲರಮ್ಮ ಕೇಳಲಿಲ್ಲ. “ಜಾಣ,” ಎಂದಳು. ಗಟ್ಟಿಯಾಗಿಯೇ ಇದ್ದ ಅವನ ಅಂಗಿಯ ಗುಂಡಿಯೊಂದನ್ನು ಕತ್ತರಿಸಿ, “ಸಡಿಲಾಗಿದೆ, ಅಲ್ಲಾಡದೆ ನಿಂತ್ಕೋ,” ಎಂದು ಮತ್ತೆ ಹೊಲಿಯತೊಡಗಿದಳು.