ಒಂದು ಎಚ್ಚಿನ ಹೊಟ್ಟೆಕಿಚ್ಚು

ಹೋದ ವಾರ ನಮ್ಮ ಅಂಗಡಿಯ ಕಂಪ್ಯೂಟರ್ ಸಾಯಲು ಬಿದ್ದಿತ್ತು. ನನಗೆ ಒಳಗೊಳಗೇ ಹಬ್ಬ.

ಕೆಟ್ಟವಳು ಅನ್ನುತ್ತೀರಾ? ಅನ್ನಿ. ಮಧುಗಿರಿಯಲ್ಲಿ ಬ್ಲೌಸ್ ಹೊಲಿದು ಹೊಲಿದು ಬೆನ್ನು ಬಗ್ಗಿಸಿಕೊಂಡವಳು ನಾನು. ಬಡವನಹಳ್ಳಿ, ಹೊಳವನಹಳ್ಳಿ ಕಡೆಯ ಹೆಂಗಸರು ಅಳತೆ ಬ್ಲೌಸನ್ನು ಕವರಿನಲ್ಲಿ ಹಿಡಿದು, ‘ಪುಟ್ಟಮ್ಮನ ಅಂಗಡಿ ಎಲ್ಲಿ?’ ಎಂದು ಕೇಳಿಕೊಂಡು ಬರುತ್ತಿದ್ದರು. ಅಂಗಡಿಗೆ ಬೋರ್ಡೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆಮೇಲೆ ಸೊಸೆ ಲತಾ ಬಂದಳು. ಹಿಂದೆಯೇ ಬೋರ್ಡು ಬಂತು. ‘ಲತಾ ಲೇಡೀಸ್ ಟೈಲರ್’, ಅದೂ ಇಂಗ್ಲಿಷಿನಲ್ಲಿ. ಪೇಂಟರ್ ಮೊದಲು ಅವಳ ಹೆಸರಿನಲ್ಲಿ ಎಚ್ ಬಿಟ್ಟು ಬರೆದಿದ್ದ. ಇವಳು ಅವನನ್ನು ಏಣಿಯಿಂದ ಇಳಿಯಲು ಬಿಡಲಿಲ್ಲ.

‘ಟೀ ಪಕ್ಕ ಎಚ್ ಹಾಕಣ್ಣ, ಇಲ್ದಿದ್ರೆ ನಾನು ಲಟಾ ಆಗೋಯ್ತೀನಿ!’

ಅಳಿಸಿ ಬರೆಸಿದಳು. (ನನ್ನ ಹೆಸರು ಆ ಬೋರ್ಡಿನಲ್ಲಿ ಎಚ್ ಇದ್ದೂ ಇಲ್ಲ, ಎಚ್ ಇಲ್ಲದೆಯೂ ಇಲ್ಲ.)

ಅದಾದ ಮೇಲೆ ಕಂಪ್ಯೂಟರ್. ಗಿರಾಕಿಗಳ ಎದೆ, ಸೊಂಟ, ತೋಳು, ಕತ್ತು ಎಲ್ಲ ಅದರ ಹೊಟ್ಟೆಯೊಳಗೆ. ‘ಅಳತೆ ಬ್ಲೌಸ್ ತರಬ್ಯಾಡಿ ಕಣಕ್ಕ, ಬಟ್ಟೆ ಕೊಟ್ಟೋಗಿ ಸಾಕು’ ಎಂದು ಊರಿಗೆಲ್ಲ ಸಾರಿದಳು. ಅವತ್ತಿನಿಂದ ಬಂದವರೆಲ್ಲ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, ‘ಲತಾ ಇಲ್ವಾ?’ ಅನ್ನುತ್ತಾರೆ. ನಾನೇನು ಬಾಗಿಲ ಪರದೆಯಾ?

ಹೋದ ವಾರ ಆ ಕಂಪ್ಯೂಟರ್ ತಾನಾಗಿಯೇ ಆರಿಹೋಗತೊಡಗಿತ್ತು. ರಿಪೇರಿಯವನು ಬಂದು, ‘ಇನ್ನೊಂದು ಸಲ ಆರಿದ್ರೆ ಏಳಲ್ಲ, ಅಷ್ಟರಲ್ಲಿ ಒಳಗಿರೋದನ್ನ ಕಾಪಿ ತಕ್ಕಳಿ’ ಅಂದು ಹೋದ. ಸೊಸೆಯ ಮುಖ ಬಿಳಿಚಿಕೊಂಡಿತು. ಅಳತೆಗಳೆಲ್ಲ ಹೋದರೆ ಹೆಂಗಸರು ಮತ್ತೆ ಯಾರ ಹತ್ತಿರ ಬರಬೇಕು? ಟೇಪನ್ನು ಕೊರಳಿಗೆ ಹಾಕಿಕೊಂಡು ರೆಡಿಯಾಗಿ ಕೂತೆ.

ಈ ಕಾಪಿ ತೆಗೆಯುವುದಕ್ಕೆ ಚಿತ್ರವಿಲ್ಲ, ಬಟನ್ ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಎಂಟರ್ ಒತ್ತಬೇಕಂತೆ. ಸಾಫ್ಟ್‌ವೇರ್ ಮಾರಿದವನು ಉತ್ತರ ಭಾರತದ ಕಡೆಯವನು. ಅಳತೆಗಳನ್ನು ಯಾವ ಹೆಸರಿನಲ್ಲಿ ಇಟ್ಟಿದ್ದೀರಿ ಎಂದು ಫೋನಿನಲ್ಲಿ ಕೇಳಿದ. ‘ಅಳತೆ’ ಅಂತಲೇ ಎಂದಳು ಇವಳು. ಅವನು ಆ ಸಾಲನ್ನು ವಾಟ್ಸಾಪಿನಲ್ಲಿ ಕಳಿಸಿದ. ಇವಳು ಇದ್ದದ್ದನ್ನು ಇದ್ದ ಹಾಗೆ ಹೊಡೆದಳು.

‘ಏನಂತೆ?’ ಕೇಳಿದೆ.

‘ಆ ಹೆಸರಿಂದು ಇಲ್ವೇ ಇಲ್ಲ ಅಂತೈತೆ ಅತ್ತೆ.’

‘ಇಲ್ಲ ಅಂದ್ಮ್ಯಾಕೆ ಇಲ್ಲ, ಬುಡು.’

ಬಿಡುತ್ತಾಳೆಯೇ? ಪಾಸ್‌ವರ್ಡ್ ನೋಡಿದಳು, ಪೆನ್‌ಡ್ರೈವ್ ಬದಲಾಯಿಸಿದಳು, ಮತ್ತೆ ಹೊಡೆದಳು. ಮತ್ತೆ ಅದೇ ಉತ್ತರ. ಅಷ್ಟರಲ್ಲಿ ಹೊಳವನಹಳ್ಳಿಯ ಗಂಗಮ್ಮ ಮಗಳ ಮದುವೆಯ ಬ್ಲೌಸ್ ಪೀಸುಗಳನ್ನು ಹೊತ್ತು ಬಂದಳು. ಬರಿಗೈಯಲ್ಲಿ, ಅಂದರೆ ಅಳತೆ ಬ್ಲೌಸ್ ಇಲ್ಲದೆ.

‘ಅಳತೆ ನಿನ್ ತಾವೇ ಐತಲ್ಲ ಲತಾ?’

‘ಅವಳ್ ತಾವ ಇಲ್ಲ ಗಂಗಮ್ಮ. ನನ್ ತಾವ ಟೇಪ್ ಐತೆ, ಮಗಳನ್ನ ಕರ್ಕಂಬಾ’ ಎಂದೆ.

ಗಂಗಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಣ್ಣು ತುಂಬಿಕೊಂಡಿದ್ದ ಸೊಸೆಯ ಬೆನ್ನು ಸವರಿ, ‘ಅಳಬ್ಯಾಡ ಕಣವ್ವ, ನೀನಿದ್ರೆ ಎಲ್ಲಾ ಸರಿಹೋಯ್ತದೆ’ ಅಂದಳು.

ನೀನಿದ್ರೆ! ನಾನು ಸತ್ತಿದ್ದೀನಾ? ಹೊಟ್ಟೆ ಧಗಧಗ ಅಂತು. ಬಾಯಿ ಸುಮ್ಮನಿರಲಿಲ್ಲ.

‘ಅವಳ್ಗೇನಮ್ಮ ಕಮ್ಮಿ? ಬೋರ್ಡ್ ತುಂಬ ಅವಳ್ದೇ ಹೆಸರು. ಸಾಲ್ದು ಅಂತ ಒಂದು ಎಚ್ ಬ್ಯಾರೆ ಜಾಸ್ತಿ!’

ಲತಾ ಕಣ್ಣು ಒರೆಸಿಕೊಂಡು ನನ್ನನ್ನೇ ನೋಡಿದಳು. ಜಗಳಕ್ಕೆ ಬರುತ್ತಾಳೆ ಎಂದು ನಾನೂ ಸೆರಗು ಸಿಕ್ಕಿಸಿಕೊಂಡೆ. ಅವಳು ಗಕ್ಕನೆ ಪರದೆಯ ಕಡೆ ತಿರುಗಿದಳು.

‘ಅಯ್ಯೋ ಅತ್ತೆ, ಎಚ್ಚೇ ಇಲ್ಲ!’

ನಮ್ಮ ಕಡೆ ಇಂಗ್ಲಿಷಿನಲ್ಲಿ ‘ತ’ ಬರೆಯಲು ಟೀ ಪಕ್ಕ ಎಚ್ ಬೇಕಲ್ಲ? ಇವಳು ಹೆಸರಿಡುವಾಗ ಹಾಗೇ ಇಟ್ಟಿದ್ದಳು. ಆ ಉತ್ತರ ಭಾರತದವನು ಅವರ ಕಡೆಯ ರೂಢಿಯಂತೆ ಬರೀ ಟೀ ಹಾಕಿ ಕಳಿಸಿದ್ದ. ಇಷ್ಟು ಹೊತ್ತೂ ಇವಳು ಕಂಪ್ಯೂಟರನ್ನು ‘ಅಳಟೆ’ ಕೊಡು ಎಂದು ಕೇಳುತ್ತಿದ್ದಳು. ಅದು ಎಲ್ಲಿಂದ ತಂದುಕೊಡಬೇಕು?

ಎಚ್ ತೂರಿಸಿ ಎಂಟರ್ ಒತ್ತಿದಳು. ಪರದೆ ಸುಮ್ಮನಿತ್ತು. (ಅದು ಏನೂ ಅನ್ನದಿದ್ದರೆ ಕೆಲಸ ಆಗುತ್ತಿದೆ ಎಂದು ಅರ್ಥವಂತೆ. ನಾನು ಸುಮ್ಮನಿದ್ದರೆ ಹಾಗಲ್ಲ.) ಪೆನ್‌ಡ್ರೈವಿನ ದೀಪ ಮಿಣುಕಿತು. ಊರ ಹೆಂಗಸರ ಅಳತೆಯೆಲ್ಲ ಅದರೊಳಗೆ ಬಂದು ಕೂತಿತು, ಹೊಸ ಕಂಪ್ಯೂಟರ್ ತಂದ ಮೇಲೆ ಅದಕ್ಕೆ ಹಾಕಿದರಾಯಿತು.

‘ಎಂಥ ಜಾಣೆ ನಿನ್ ಸೊಸೆ ಪುಟ್ಟಕ್ಕ!’ ಗಂಗಮ್ಮ ಅವಳ ಕೆನ್ನೆ ನೀವಿ ನೆಟಿಕೆ ಮುರಿದಳು. ಎಚ್ ಅಂದದ್ದು ಯಾರು? ಯಾರಿಗೂ ನೆನಪಿಲ್ಲ.

ಲತಾಗೆ ಮಾತ್ರ ನೆನಪಿತ್ತು. ಕಾಫಿ ತಂದುಕೊಟ್ಟು ಕಿಸಕ್ಕನೆ ನಕ್ಕಳು. ‘ನೀವು ಹೊಟ್ಟೆ ಉರ್ಕಂಡಿದ್ದು ಒಳ್ಳೇದೇ ಆಯ್ತು ಬುಡಿ ಅತ್ತೆ.’

ನನ್ನ ಹೊಟ್ಟೆ ಉರಿ ಕೂಡ ಅವಳ ಉಪಯೋಗಕ್ಕೇ ಬಂತು. ಇನ್ನು ನನ್ನದು ಅಂತ ಉಳಿದದ್ದೇನು?

ಈಗ ಓದಿದವರು ಯಾರಾದರೂ ಹೇಳಿ: ಪುಟ್ಟಮ್ಮ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಸಿದರೆ, ಎರಡು ಎಚ್ ಎಲ್ಲೆಲ್ಲಿ ಹಾಕಿಸಬಹುದು?