ಮೂರು ಸಲ ಮುಳುಗಿದ ಶಾಂತಮ್ಮ

ನಮ್ಮ ಪಕ್ಕದ ಮನೆಯ ಶಾಂತಮ್ಮ ಮೂರು ಸಲ ದೀಕ್ಷಾಸ್ನಾನ ಮಾಡಿಸಿಕೊಂಡವರು. ನಮ್ಮ ಕ್ರೈಸ್ತ ಸಭೆಯಲ್ಲಿ ಉಳಿದವರಿಗೆಲ್ಲ ಒಂದೇ ಸಲ ಮುಳುಗಿ ಎದ್ದದ್ದು ಸಾಕಾಗಿತ್ತು. ಅವರಿಗೆ ಸಾಲಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿ ಬದುಕಿದ ಹೆಂಗಸು. ಪವರ್‌ಲೂಮಿನ ಸದ್ದಿನಲ್ಲಿ ಕೂಗಿ ಮಾತಾಡಿ ಅಭ್ಯಾಸವಾಗಿ, ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತಿತ್ತು. ಬೆಳಿಗ್ಗೆ ಅವರ ಪ್ರಾರ್ಥನೆ ಶುರುವಾದಾಗ ನಾನು ಹಾಲು ಒಲೆಗಿಡುತ್ತಿದ್ದೆ. ಅದು ಉಕ್ಕುವಷ್ಟರಲ್ಲಿ ನಲ್ಲಿಯ ಹತ್ತಿರ ಓರಗಿತ್ತಿಯ ಜೊತೆ ಜಗಳ ಹತ್ತಿರುತ್ತಿತ್ತು. ಆಮೇಲೆ ಮುಖ ಸಣ್ಣಗೆ ಮಾಡಿಕೊಂಡು ನಮ್ಮ ಅಡುಗೆಮನೆ ಬಾಗಿಲಿಗೆ ಬರುವರು.

"ಹೋಯ್ತು ಕಣಮ್ಮ, ರಕ್ಷಣೆ ಹೋಯ್ತು. ಬಾಯಿಗ್ ಬಂದಂಗ್ ಬೈದ್ಬಿಟ್ಟೆ."

ದೇವರು ಪಾಪದಿಂದ ಬಿಡಿಸಿ ಕೊಟ್ಟ ರಕ್ಷಣೆ ಹೀಗೆ ಬೈದರೆ ಕೈತಪ್ಪುತ್ತದೆ, ಮತ್ತೆ ಮುಳುಗಿದರೇ ಸಿಗುತ್ತದೆ ಎಂದು ಅವರ ನಂಬಿಕೆ. ಎರಡು ಸಲ ಮುಳುಗಿಸಿದ ನಮ್ಮ ಪಾಸ್ಟರ್ ಅಯ್ಯನವರು ಮೂರನೆಯದಕ್ಕೆ ಒಪ್ಪಲಿಲ್ಲ. ಶಾಂತಮ್ಮ ನನ್ನನ್ನೂ ಎಳೆದುಕೊಂಡು, ಗುರುತಿನವರಿಲ್ಲದ ಹೊಸಕೋಟೆ ಕಡೆಯ ಸಭೆಗೆ ಹೋಗಿ, ದ್ರಾಕ್ಷಿ ತೋಟದ ತೊಟ್ಟಿಯಲ್ಲಿ ಮುಳುಗಿ ಎದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಅವರ ಒದ್ದೆ ಸೀರೆಯ ಚೀಲ ಸೋರುತ್ತಿತ್ತು.

"ಅಜ್ಜಿ, ನೀರು ಸೋರ್ತೈತೆ, ಚೀಲ ಎತ್ಕೊಳಿ," ಎಂದ ಕಂಡಕ್ಟರ್.

"ಯಾವಳೋ ಅಜ್ಜಿ? ನಿಮ್ಮಪ್ಪನ ಬಸ್ಸೇನೋ ಇದು?"

ಇಡೀ ಬಸ್ಸು ತಿರುಗಿ ನೋಡಿತು. ಶಾಂತಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಇನ್ನೇನು ಅಳುತ್ತಾರೆ ಅಂದುಕೊಂಡೆ. ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದರು.

"ನೋಡ್ದಾ, ದೇವನಹಳ್ಳಿನೂ ದಾಟ್ಲಿಲ್ಲ! ರಕ್ಷಣೆ ನನ್ ಕೈಗ್ ಕೊಟ್ಟಿದ್ರೆ ದಿನಕ್ ನಾಕ್ ಸಲ ಕಳ್ಕೊತಿದ್ದೆ. ಅದ್ಕೇ ದೇವ್ರು ತಾನೇ ಇಟ್ಕೊಂಡವ್ನೆ." ಎದ್ದು ಹೋಗಿ ಕಂಡಕ್ಟರಿಗೆ, "ತಪ್ಪಾಯ್ತಪ್ಪಾ," ಎಂದು ಬಂದರು.

ಜಗಳ ನಿಂತಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಜಗಳವಾದ ಮೇಲೆ ನಮ್ಮ ಬಾಗಿಲಿಗೆ ಬರುವುದು ಬಿಟ್ಟು, ತಪ್ಪಾಯ್ತು ಅನ್ನಲು ಓರಗಿತ್ತಿಯ ಬಾಗಿಲಿಗೇ ಹೋಗತೊಡಗಿದರು.

ವಯಸ್ಸಾದಂತೆ ಮರೆವಿನ ಕಾಯಿಲೆ ಬಂತು. ಮಗಳು ರೂತ್ ಬೂದಿಗೆರೆಯ ತನ್ನ ಮನೆಗೆ ಕರೆದುಕೊಂಡು ಹೋದಳು. ಕಿತ್ತಳೆ ಹಣ್ಣು ತೆಗೆದುಕೊಂಡು ನಾನು ನೋಡಲು ಹೋದಾಗ, ರೂತ್ ಬಾಗಿಲಲ್ಲೇ ನನ್ನ ಕೈ ಹಿಡಿದಳು.

"ಆಂಟಿ, ಯೇಸು ಅಂದ್ರೂ ಯಾರು ಅಂತಾಳೆ. ಪ್ರಾರ್ಥನೆ ಒಂದ್ ಮಾತೂ ನೆನಪಿಲ್ಲ. ಹಿಂಗೇ ಹೋಗ್ಬಿಟ್ರೆ, ಅಮ್ಮನ ರಕ್ಷಣೆ ಏನಾಗುತ್ತೆ?"

ರಕ್ಷಣೆ ಹೋಗುತ್ತದೆ ಅನ್ನುವವರೂ ಹೋಗುವುದಿಲ್ಲ ಅನ್ನುವವರೂ ನಮ್ಮ ಸಭೆಯಲ್ಲಿದ್ದಾರೆ. ನಾನು ಓದಿಕೊಂಡವಳಲ್ಲ. ಒಳಗೆ ಹೋಗಿ ಶಾಂತಮ್ಮನ ಎದುರು ಕೂತು ಹಣ್ಣು ಸುಲಿದೆ. ಶಾಂತಮ್ಮ ಒಂದೊಂದೇ ತೊಳೆ ತಿಂದರು. ರೂತ್ ಹಿಂದೆ ಕೂತು ಅವರ ತಲೆ ಬಾಚುತ್ತಿದ್ದಳು.

"ಯಾರಮ್ಮ ನೀನು?" ಎಂದು ನನ್ನನ್ನು ಕೇಳಿದರು.

"ಪಕ್ಕದ ಮನೆಯವಳು."

"ಹಂಗಾ."

"ತಲೆ ಬಾಚ್ತಿರೋದು ಯಾರು, ಹೇಳಿ ನೋಡೋಣ?"

ತಿರುಗಿ ಮಗಳ ಮುಖವನ್ನು ತುಂಬ ಹೊತ್ತು ನೋಡಿದರು.

"ಹೆಸ್ರು ಗೊತ್ತಿಲ್ಲಮ್ಮ. ಆದ್ರೆ ಇವ್ಳು ನನ್ನ ಬಿಟ್ ಹೋಗಲ್ಲ."

ರೂತಳ ಬಾಚಣಿಗೆ ಒಂದು ಕ್ಷಣ ನಿಂತಿತು. ಆಮೇಲೆ ನಿಧಾನವಾಗಿ ಬೈತಲೆ ತೆಗೆದು ಜಡೆ ಹೆಣೆದಳು.

ಅದೇ ನಾನು ಅವರನ್ನು ಕೊನೆಗೆ ನೋಡಿದ್ದು. ಮಣ್ಣು ಮಾಡಿದ ದಿನ ರೂತ್ ತಾಯಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು. ರಕ್ಷಣೆ ಏನಾಗುತ್ತೆ ಎಂಬ ಪ್ರಶ್ನೆಯನ್ನು ಮಾತ್ರ ಮತ್ತೆ ಕೇಳಲಿಲ್ಲ.